ದೂರಪ್ಪ ಗುಂಡು ಬಿಟ್ಟಿದ್ದು

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತನಿಗೆ ತಂದೆತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಹತ್ತೊಂಬತ್ತು ವರ್ಷ ಊರಿನವರ ದೂರು ಬರೆದುಕೊಂಡು ಅವನು ಎಲ್ಲರ ಬಾಯಲ್ಲೂ ದೂರಪ್ಪನಾಗಿಬಿಟ್ಟಿದ್ದ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ಬರೀ ಗಾಳಿ ಬರುವವರು, ಎಲ್ಲರೂ ಅವನ ಕಿಟಕಿಯ ಮುಂದೆ ನಿಂತು ಬೈದು ಹೋಗುತ್ತಿದ್ದರು. ಅವನು ಬೈಗುಳವನ್ನು ಸೋಸಿ ತೆಗೆದು, ಉಳಿದದ್ದನ್ನು ಮುದ್ದಾದ ಅಕ್ಷರದಲ್ಲಿ ಪುಸ್ತಕಕ್ಕೆ ಏರಿಸುತ್ತಿದ್ದ. ಇಂಥ ಸಾಧು ಮನುಷ್ಯನಿಗೆ ಒಂದೇ ಒಂದು ಹುಚ್ಚಿತ್ತು. ಅದು ಗುಂಡು ಎಸೆತ.

ಕಬ್ಬಿಣದ ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದು, ಸುಣ್ಣ ಎಳೆದ ವೃತ್ತದೊಳಗೆ ನಿಂತು, ಮುಂದಕ್ಕೆ ನೂಕುವ ಆಟ ಇದು. ಗುಂಡಿನ ತೂಕ ಏಳೂಕಾಲು ಕಿಲೋ. ಗುಂಡು ಹೋಗಬೇಕು, ಆಸಾಮಿ ಹೋಗಬಾರದು, ನಿಯಮ ಇಷ್ಟೇ. ಮುಂದಿನ ಗೆರೆಯ ಮೇಲೆ ಕಾಲು ಬಿದ್ದರೆ ಕೆಂಪು ಬಾವುಟ ಏಳುತ್ತದೆ, ಆ ಎಸೆತವನ್ನು ಅಳೆಯುವುದೇ ಇಲ್ಲ. ನಮ್ಮ ದೂರಪ್ಪನಿಗೆ ಗುಂಡನ್ನು ಒಂಟಿಯಾಗಿ ಕಳಿಸಲು ಮನಸ್ಸು ಬರುತ್ತಿರಲಿಲ್ಲವೋ ಏನೋ, ಪ್ರತಿ ಸಲವೂ ಅದರ ಹಿಂದೆ ತಾನೂ ಹೊರಟುಬಿಡುತ್ತಿದ್ದ. ಕಚೇರಿಯ ವಾರ್ಷಿಕ ಕ್ರೀಡಾಕೂಟದಲ್ಲಿ ಒಬ್ಬೊಬ್ಬರಿಗೆ ಮೂರು ಅವಕಾಶ. ಮೂರು ವರ್ಷಕ್ಕೆ ಒಂಬತ್ತು ಎಸೆತ, ಒಂಬತ್ತೂ ಕೆಂಪು ಬಾವುಟ. ಬಾವುಟ ಎತ್ತುತ್ತಿದ್ದವನು ಕಚೇರಿಯ ಮೀಟರ್ ರೀಡರ್. ಮನೆಮನೆಯ ನೀರಿನ ಮೀಟರ್ ಓದುವವನಿಗೆ ಮೈದಾನದ ಮೀಟರೂ ಗೊತ್ತಿರುತ್ತದೆಂದು ಯಾರೋ ಮೇಲಿನವರು ತೀರ್ಮಾನಿಸಿದ್ದರು.

ಅಳತೆ ಇಲ್ಲವೆಂದ ಮೇಲೆ ದಾಖಲೆಯೂ ಇಲ್ಲ. ದಾಖಲೆ ಇಲ್ಲವಾದ್ದರಿಂದ ದೂರಪ್ಪ ಸ್ಪರ್ಧೆಗೆ ಇಳಿದಿದ್ದನೆಂಬುದೇ ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವನಿಗೆ ಪದಕ ಬೇಕಿರಲಿಲ್ಲ. ಮೈಕಿನಲ್ಲಿ ತನ್ನ ಹೆಸರು ಹೇಳಿ, ಅದರ ಮುಂದೆ ಇಷ್ಟು ಮೀಟರ್ ಇಷ್ಟು ಸೆಂಟಿಮೀಟರ್ ಎಂದು ಒಂದು ಸಲ ಕೂಗಿದರೆ ಸಾಕಿತ್ತು. ಇಷ್ಟು ವರ್ಷ ಊರಿನ ದೂರು ಬರೆದವನಿಗೆ ಅವನದೇ ಆದ ಒಂದು ದೂರ ಬೇಡವೇ?

ಒಂಬತ್ತನೆಯ ಎಸೆತದಲ್ಲಿ ಸೊಂಟ ಹಿಡಿದುಕೊಂಡಿತು. ಹೆಂಡತಿ ಬಿಸಿನೀರಿನ ಚೀಲ ಒತ್ತುತ್ತಾ, "ಇನ್ಮೇಲೆ ಗುಂಡು ಮುಟ್ಟಲ್ಲ ಅಂತ ಮಾತು ಕೊಡಿ" ಎಂದಳು. ಆ ನೋವಿನಲ್ಲಿ ಯಾವ ಗಂಡಸು ತಾನೇ ಮಾತು ಕೊಡುವುದಿಲ್ಲ? ಕೊಟ್ಟ. ಆಮೇಲೆ ನಾಲ್ಕು ತಿಂಗಳು ಅವನು ರಜೆಯ ದಿನಗಳಲ್ಲಿ ಗೋಡೆ ನೋಡಿಕೊಂಡು ಮಲಗಿದ. ಊಟಕ್ಕೆ ಕರೆದರೆ ಬರುತ್ತಿದ್ದ, ಉಪ್ಪು ಕಮ್ಮಿಯಿದ್ದರೂ ಹೇಳುತ್ತಿರಲಿಲ್ಲ. ಹೆಂಡತಿಗೆ ನಿಜವಾದ ಭಯ ಹುಟ್ಟಿದ್ದು ಆಗಲೇ.

ಕಡೆಗೆ ಅವನನ್ನು ಎಬ್ಬಿಸಿದ್ದು ಗ್ರಂಥಾಲಯದಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಒಂದು ಪುಸ್ತಕ. ಸೋತ ಆಟಗಾರ ಮನಸ್ಸನ್ನು ಹೇಗೆ ಗಟ್ಟಿಮಾಡಿಕೊಳ್ಳಬೇಕೆಂದು ಅದರಲ್ಲಿ ಬರೆದಿತ್ತು. ಉತ್ಸಾಹ ಬರಲೆಂದು ಕಾಯಬೇಡ, ಮೊದಲು ಎದ್ದು ಹೋಗು, ಉತ್ಸಾಹ ಹಿಂದಿನಿಂದ ಬರುತ್ತದೆ. ನಿನ್ನ ಜೊತೆ ನೀನೇ ಗೆಳೆಯನಂತೆ ಮಾತಾಡು. ಕಣ್ಣು ಮುಚ್ಚಿ ಗೆಲುವನ್ನು ಕಾಣು. ದಿನವೂ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿಡು. ದೂರಪ್ಪ ಸರ್ಕಾರಿ ಗುಮಾಸ್ತ. ಅಚ್ಚಾದ ಸೂಚನೆಯನ್ನು ಪಾಲಿಸದೆ ಇರುವುದು ಅವನ ರಕ್ತದಲ್ಲೇ ಇರಲಿಲ್ಲ.

ಮಾರನೆಯ ದಿನದಿಂದಲೇ ಬೆಳಗಿನ ಐದೂವರೆಗೆ, ಹೆಂಡತಿ ಮಗ್ಗುಲು ಬದಲಿಸುವ ಸಮಯ ನೋಡಿ, ಮಂಚದ ಕೆಳಗಿನ ಗುಂಡನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ನೀರಿನ ಟ್ಯಾಂಕಿನ ಹಿಂದಿನ ಬಯಲಿಗೆ ಹೋಗತೊಡಗಿದ. ಕಚೇರಿಯ ಬಚ್ಚಲ ಕನ್ನಡಿಯ ಮುಂದೆ ನಿಂತು, "ಆಗುತ್ತೆ ಕಣಯ್ಯಾ, ನಿನ್ ಕೈಲಿ ಆಗುತ್ತೆ" ಎಂದು ತನಗೇ ಹೇಳಿಕೊಂಡ. ಒಂದು ದಿನ ದೂರಿನ ಕಿಟಕಿಯಲ್ಲೇ ಕಣ್ಣು ಮುಚ್ಚಿ ಗೆಲುವನ್ನು ಕಾಣುತ್ತಾ ಕೂತಿದ್ದ.

"ಸ್ವಾಮೀ, ನಾಲ್ಕು ದಿನದಿಂದ ನೀರಿಲ್ಲ" ಎಂದ ಹೊರಗೆ ನಿಂತವನೊಬ್ಬ.

"ಹೋಗುತ್ತೆ... ದೂರ ಹೋಗುತ್ತೆ..." ಎಂದ ದೂರಪ್ಪ, ಮೆಲ್ಲಗೆ ತೂಗಾಡುತ್ತಾ.

"ಎಲ್ಲಿಗೆ ಹೋಗುತ್ತೆ ಸ್ವಾಮೀ? ನಮ್ಮನೆಗೇ ಬರ್ಬೇಕಲ್ವಾ?"

ಇದನ್ನೆಲ್ಲ ಪಕ್ಕದ ಮೇಜಿನಿಂದ ನೋಡುತ್ತಿದ್ದವಳು ಟಪಾಲಕ್ಕ. ಕಚೇರಿಯಿಂದ ಹೊರಹೋಗುವ ಕಾಗದಗಳಿಗೆ ನಂಬರು ಹಾಕುವುದು ಅವಳ ಕೆಲಸ. ಕಾಗದಗಳು ತಲುಪಲು ವಾರ ಹಿಡಿಯುತ್ತಿತ್ತು, ಅವಳ ಬಾಯಿಂದ ಹೊರಟದ್ದು ಅರ್ಧ ಗಂಟೆಯಲ್ಲಿ ತಲುಪುತ್ತಿತ್ತು. ದೂರಪ್ಪ ತನ್ನ ದಿನಚರಿಯನ್ನು ಕಚೇರಿಯ ದೂರು ಪುಸ್ತಕದಂಥದೇ ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಿದ್ದ. ಒಂದು ದಿನ ಮೇಲಧಿಕಾರಿಗೆ ಕಳಿಸಬೇಕಿದ್ದ ದೂರು ಪುಸ್ತಕದ ಬದಲು ಅದು ಕೈತಪ್ಪಿ ಟಪಾಲಕ್ಕನ ಮೇಜಿಗೆ ಬಂತು. ನಂಬರು ಹಾಕಲೆಂದು ತೆರೆದವಳು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದಳು.

"ಸೋಮವಾರ. ಬೆಳಿಗ್ಗೆ ಐದೂವರೆ, ಟ್ಯಾಂಕಿನ ಹಿಂದೆ. ನಾಲ್ಕು ಗುಂಡು ಹಾಕಿದೆ. ಮೂರನೆಯದಕ್ಕೇ ಕಾಲು ನಿಲ್ಲಲಿಲ್ಲ, ಮುಗ್ಗರಿಸಿದೆ.

ಮಂಗಳವಾರ. ಮನಸ್ಸಿರಲಿಲ್ಲ, ಆದರೂ ಹೋದೆ. ಎರಡು ಹಾಕಿದ ಮೇಲೆ ಉತ್ಸಾಹ ಬಂತು. ಇನ್ನೂ ಆರು ಹಾಕಿದೆ.

ಬುಧವಾರ. ಹೆಂಡತಿಗೆ ಎಚ್ಚರವಾದಂತಿತ್ತು. ಚೀಲದಲ್ಲಿ ಮುಚ್ಚಿಕೊಂಡು ಓಡಿದೆ.

ಗುರುವಾರ. ಹನ್ನೆರಡು! ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಗುರಿ: ತಿಂಗಳ ಕೊನೆಗೆ ದಿನಕ್ಕೆ ಇಪ್ಪತ್ತು."

ಟಪಾಲಕ್ಕ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸೂಪರಿಂಟೆಂಡೆಂಟರ ಕೋಣೆಗೆ ನುಗ್ಗಿದಳು. ಸೂಪರಿಂಟೆಂಡೆಂಟರು ಸಜ್ಜನರು, ಕೆಮ್ಮಿನ ಔಷಧಿಯನ್ನೂ ವಾಸನೆ ನೋಡಿ ಕುಡಿಯುವವರು. ಓದಿ ಮುಗಿಸಿ ಕುರ್ಚಿಯಿಂದ ಎದ್ದರು, ಮತ್ತೆ ಕೂತರು.

"ಬೆಳಬೆಳಿಗ್ಗೆ ಹನ್ನೆರಡು ಗುಂಡಾ?" ಎಂದರು. "ಇದು ನೀರು ಸರಬರಾಜು ಕಚೇರಿ ಕಣಮ್ಮಾ. ಇಲ್ಲಿ ನೀರು ಬಿಟ್ರೆ ಬೇರೆ ದ್ರವಕ್ಕೆ ಅವಕಾಶವೇ ಇಲ್ಲ."

"ಗುರಿ ಬೇರೆ ಇಟ್ಕೊಂಡಿದಾರೆ ಸಾರ್. ಇಪ್ಪತ್ತಂತೆ."

"ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ ಸಾರ್?" ಎಂದಳು ಟಪಾಲಕ್ಕ. ಅಷ್ಟು ಹೊತ್ತಿಗೆ ಪಂಪು ಕೋಣೆಯವರಿಗೂ ವಿಷಯ ಗೊತ್ತಾಗಿತ್ತು.

ಸೂಪರಿಂಟೆಂಡೆಂಟರು ದೂರಪ್ಪನನ್ನು ಕರೆಸಿ, ಬಾಗಿಲು ಹಾಕಿ, ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. "ನಿಮ್ಮ ವಿಷಯ ಗೊತ್ತಾಯ್ತು."

ದೂರಪ್ಪನ ಮುಖ ಬಿಳುಚಿಕೊಂಡಿತು. "ನನ್ ಹೆಂಡ್ತಿಗೆ ಮಾತ್ರ ಹೇಳ್ಬೇಡಿ ಸಾರ್. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ."

"ಹೇಳಲ್ಲಪ್ಪಾ. ನಾಚ್ಕೋಬೇಡಿ. ಇದು ದೇಹದ ವಿಷಯ ಅಲ್ಲ, ಮನಸ್ಸಿನ ವಿಷಯ. ಮನಸ್ಸು ಗಟ್ಟಿಯಾಗ್ಬೇಕು. ಇಂಥದ್ರಲ್ಲೇ ಪಳಗಿದ ಡಾಕ್ಟರಮ್ಮ ಒಬ್ರಿದಾರೆ, ಚೀಟಿ ಕೊಡ್ತೀನಿ. ಕಚೇರಿ ಕೆಲಸ ಅಂತಲೇ ಹೋಗಿ ಬನ್ನಿ."

ದೂರಪ್ಪನ ಕಣ್ಣಲ್ಲಿ ನೀರು ಬಂತು. ದೊಡ್ಡ ದೊಡ್ಡ ಆಟಗಾರರಿಗೆ ಮನಸ್ಸನ್ನು ತಿದ್ದಲೆಂದೇ ಡಾಕ್ಟರುಗಳಿರುತ್ತಾರೆಂದು ಪುಸ್ತಕದಲ್ಲಿ ಓದಿದ್ದ. ಅಂಥವರೊಬ್ಬರನ್ನು ಸಾಕ್ಷಾತ್ ಕಚೇರಿಯೇ ತನಗೆ ಗೊತ್ತುಮಾಡಿದೆ! ಕೋಣೆಯಿಂದ ಹೊರಬಂದಾಗ ಅವನ ಎದೆ ಎರಡಂಗುಲ ಉಬ್ಬಿತ್ತು. "ಸಾಹೇಬ್ರು ನನ್ನ ಡಾಕ್ಟರ ಹತ್ರ ಕಳಿಸ್ತಿದಾರೆ" ಎಂದು ಅವನೇ ನಾಲ್ಕು ಜನಕ್ಕೆ ಹೆಮ್ಮೆಯಿಂದ ಹೇಳಿಕೊಂಡ. ಎಷ್ಟು ಧೈರ್ಯಸ್ಥ, ಒಂಚೂರೂ ಮುಚ್ಚಿಡಲಿಲ್ಲವಲ್ಲ ಎಂದು ನಾಲ್ವರೂ ಮೆಚ್ಚಿದರು.

ಡಾಕ್ಟರಮ್ಮ ಕುಡಿತ ಬಿಡಿಸುವವರು. ಬಂದವರ ಮಾನ ಉಳಿಯಲೆಂದು ಹೊರಗಿನ ಬೋರ್ಡಿನಲ್ಲಿ "ಮನೋಬಲ ಕೇಂದ್ರ" ಎಂದಷ್ಟೇ ಬರೆಸಿದ್ದರು. ಕುಡುಕ, ಕುಡಿತ ಎಂಬ ಮಾತನ್ನು ಅವರು ಬಾಯಿಗೆ ತರುತ್ತಿರಲಿಲ್ಲ. ಬಂದವರು ಯಾವ ಪದ ಬಳಸುತ್ತಾರೋ ತಾವೂ ಅದನ್ನೇ ಬಳಸಬೇಕೆಂಬುದು ಅವರ ಪದ್ಧತಿ. ಎಷ್ಟೋ ಸಂಸಾರಗಳನ್ನು ಉಳಿಸಿದ ಆ ಪದ್ಧತಿ ಅಂದು ಒಂದಿಷ್ಟು ಹಳ್ಳ ಹಿಡಿಯಿತು.

"ನೀವು ಅದನ್ನ ಏನಂತ ಕರೀತೀರಿ?" ಎಂದು ಶುರುಮಾಡಿದರು ಡಾಕ್ಟರಮ್ಮ.

"ಗುಂಡು ಅಂತೀವಿ ಡಾಕ್ಟ್ರೇ. ಬೇರೆ ಹೆಸ್ರೇನಾದ್ರೂ ಇದೆಯಾ?"

"ಗುಂಡು ಅಂತಲೇ ಇರ್ಲಿ. ಎಷ್ಟು ವರ್ಷದಿಂದ?"

"ಶುರುವಾಗಿದ್ದು ಶಾಲೇಲಿ."

ಡಾಕ್ಟರಮ್ಮನ ಪೆನ್ನು ನಿಂತಿತು. "ಶಾಲೇಲಾ?"

"ಹೂಂ. ಮೇಷ್ಟ್ರೇ ಕಲಿಸ್ತಿದ್ರು. ಹುಡುಗರಿಗೆ ಚಿಕ್ಕದು ಕೊಟ್ಟು, ಅವ್ರು ದೊಡ್ಡದು ತಗೊಳ್ತಿದ್ರು."

"ಎಂಥಾ ಶಾಲೆಯಪ್ಪಾ! ಇರ್ಲಿ. ಈಗ ದಿನಕ್ಕೆ ಎಷ್ಟು?"

"ಹನ್ನೆರಡು. ಬೆಳಿಗ್ಗೆ ಎದ್ದ ಕೂಡ್ಲೇ, ಖಾಲಿ ಹೊಟ್ಟೇಲಿ. ತಿಂದು ಹಾಕಿದ್ರೆ ವಾಂತಿ ಬರುತ್ತೆ."

"ಜೊತೆಗೆ ಯಾರಾದ್ರೂ ಇರ್ತಾರಾ?"

"ಒಬ್ನೇ. ಯಾರನ್ನಾದ್ರೂ ಕರೆದ್ರೆ ನಗ್ತಾರೆ. ಒಂದು ನಾಯಿ ಬಂದು ಕೂತ್ಕೊಳುತ್ತೆ."

"ಹನ್ನೆರಡಾದ ಮೇಲೆ ಹೇಗಿರುತ್ತೆ?"

"ಕೈ ನಡುಗುತ್ತೆ, ಕಣ್ಣು ಕತ್ತಲೆ ಬರುತ್ತೆ. ಆದ್ರೆ ಮನಸ್ಸು ಮಾತ್ರ, ಏನ್ ಹೇಳ್ಲಿ ಡಾಕ್ಟ್ರೇ, ಹೂವು!"

"ಹಾಗಾದ್ರೆ ಕಷ್ಟ ಏನು?"

ದೂರಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಗೆರೆ ದಾಟಿಬಿಡ್ತೀನಿ ಡಾಕ್ಟ್ರೇ. ದಾಟಬಾರದು ಅಂತ ಗೊತ್ತು. ಆ ಕ್ಷಣಕ್ಕೆ ತಡ್ಕೊಳಕ್ಕಾಗಲ್ಲ. ಕಚೇರಿಯವರೆಲ್ಲರ ಎದುರು, ಒಂಬತ್ತು ಸಲ, ಮುಗ್ಗರಿಸಿ ಬಿದ್ದಿದೀನಿ. ನನ್ನ ಲೆಕ್ಕಕ್ಕೇ ತಗೊಳಲ್ಲ ಯಾರೂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರ ಇಪ್ಪತ್ತೆರಡು ವರ್ಷದ ಅನುಭವದಲ್ಲಿ ತಮ್ಮ ರೋಗವನ್ನು ತಾವೇ ಇಷ್ಟು ಚೊಕ್ಕವಾಗಿ ಹೇಳಿದವರು ಯಾರೂ ಇರಲಿಲ್ಲ. ಅವರ ದನಿ ಮೆತ್ತಗಾಯಿತು.

"ನೋಡಿ, ಆ ಒಂಬತ್ತು ಸಲ ಆಗಿಹೋಯ್ತು. ಅದನ್ನ ಹೊತ್ಕೊಂಡು ಓಡಾಡ್ಬೇಡಿ. ಇವತ್ತಿನ ದಿನ ಮಾತ್ರ ನಿಮ್ಮ ಕೈಲಿದೆ. ಒಂದ್ಸಲ ಜಾರಿದ್ರೆ ಎಲ್ಲಾ ಮುಗೀತು ಅಂತಲ್ಲ, ಎದ್ದು ಮತ್ತೆ ಮೊದಲಿಂದ ಶುರುಮಾಡೋದು. ಆ ಕ್ಷಣ ಬಂದಾಗ ಮೂರು ಸಲ ಉಸಿರು ಎಳ್ಕೊಳಿ. 'ಗೆರೆ ದಾಟಲ್ಲ' ಅಂತ ನಿಮಗೆ ನೀವೇ ಹೇಳ್ಕೊಳಿ. ಎಲ್ಲಕ್ಕಿಂತ ಮುಖ್ಯ ಏನಪ್ಪಾ ಅಂದ್ರೆ, ಗುಂಡನ್ನ ನಿಮ್ಮಿಂದ ದೂರ ಮಾಡ್ಬೇಕು."

"ಎಷ್ಟು ದೂರ ಡಾಕ್ಟ್ರೇ?"

"ಎಷ್ಟಾದ್ರೆ ಅಷ್ಟು!"

"ಆರು ಮೀಟರ್ ಸಾಕಾ?"

ಡಾಕ್ಟರಮ್ಮ ನಕ್ಕರು. "ಶುರುವಿಗೆ ಅಷ್ಟಾದ್ರೂ ಆಗ್ಲಿ." ಫೈಲಿನಲ್ಲಿ ಗುರಿ ಎಂಬ ಜಾಗದಲ್ಲಿ "ಗುಂಡನ್ನು ದೂರ ಮಾಡುವುದು" ಎಂದು ಬರೆದರು. ಅದರ ಮುಂದೆ ಫಲಿತಾಂಶ ಎಂಬ ಜಾಗವನ್ನು ಖಾಲಿ ಬಿಟ್ಟರು.

ದೂರಪ್ಪ ಹೊರಬಂದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ರಟ್ಟಿಲ್ಲದ ಪುಸ್ತಕದಲ್ಲಿ ಇನ್ನೂರು ಪುಟ ಓದಿ ತಿಳಿದಿದ್ದನ್ನು ಈ ತಾಯಿ ಐದು ನಿಮಿಷದಲ್ಲಿ ಹೇಳಿದ್ದರು.

ಇತ್ತ ಟಪಾಲಕ್ಕ ಸುಮ್ಮನಿರಲಿಲ್ಲ. ಸೂಪರಿಂಟೆಂಡೆಂಟರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರು, ಅವಳು ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ದೂರಪ್ಪನ ಮನೆಗೇ ಹೋಗಿ, ಅವನ ಹೆಂಡತಿಯ ಕೈ ಹಿಡಿದುಕೊಂಡು ಕಣ್ಣು ತುಂಬಿಕೊಂಡಳು.

"ಧೈರ್ಯ ತಂದ್ಕೊಳಮ್ಮಾ. ನಿಮ್ಮೆಜಮಾನ್ರು ಮತ್ತೆ ಗುಂಡು ಶುರುಮಾಡಿದಾರೆ."

"ಅಷ್ಟೇನಾ ಅಕ್ಕಾ?" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ. "ನಂಗೆ ಗೊತ್ತು."

"ಗೊತ್ತಾ?"

"ನಾನು ಮಲಗೋ ಮಂಚದ ಕೆಳಗೇ ಇದ್ರೆ ಗೊತ್ತಾಗ್ದೇ ಇರುತ್ತಾ? ಚೀಲದ ತಳ ಹರೀತಾ ಇತ್ತು. ಅವ್ರಿಗೆ ಗೊತ್ತಾಗ್ದಂಗೆ ಒಳಗಿಂದ ಇನ್ನೊಂದು ಪದರ ಹಾಕಿ ಹೊಲಿದಿದೀನಿ. ಭಾರ ತಡೀಬೇಕಲ್ಲ."

ಟಪಾಲಕ್ಕ ಕೂತಲ್ಲೇ ಬೆವತಳು. "ನೀವೇ ಹೀಗಂದ್ರೆ ಹೇಗಮ್ಮಾ? ಬಿಡಿಸ್ಬಾರ್ದಾ?"

"ಬಿಡಿಸಿದ್ದೆ ಅಕ್ಕಾ. ನಾಲ್ಕು ತಿಂಗಳು ಗೋಡೆ ನೋಡ್ಕೊಂಡು ಮಲಗಿದ್ರು. ಅದನ್ನ ನೋಡೋಕೆ ಆಗ್ಲಿಲ್ಲ. ಈಗ ನೋಡಿ, ಬಂದು ಹಾಡು ಹೇಳ್ಕೊಂಡು ಸ್ನಾನ ಮಾಡ್ತಾರೆ. ಉಪ್ಪು ಕಮ್ಮಿ ಅಂತ ಜಗಳಾನೂ ಆಡ್ತಾರೆ. ಕದ್ದು ಹೋಗೋದ್ರಲ್ಲಿ ಅವ್ರಿಗೊಂದು ಖುಷಿ, ನಾನೂ ನಿದ್ದೆ ಬಂದವಳ ಹಾಗೆ ಮಲಗಿರ್ತೀನಿ."

"ಆರೋಗ್ಯ?"

"ಸೊಂಟ ಒಂದು ಹುಷಾರಾಗಿ ನೋಡ್ಕೋಬೇಕು. ನಿಮ್ಮನೆಯವ್ರನ್ನೂ ಕಳ್ಸಿ ಅಕ್ಕಾ ಜೊತೆಗೆ. ಹೊಟ್ಟೆ ಕರಗುತ್ತೆ."

ಟಪಾಲಕ್ಕ ತನಗೆ ಕೊಟ್ಟ ಕಾಫಿಯನ್ನು ಮೂಸಿ ನೋಡಿ, ಕುಡಿಯದೆ ಎದ್ದು ಬಂದಳು. ಗಂಡನಿಗಿಂತ ಮೊದಲು ಹೆಂಡತಿಯನ್ನು ಡಾಕ್ಟರಮ್ಮನ ಹತ್ತಿರ ಕಳಿಸಬೇಕೆಂದು ಆ ಸಂಜೆ ಕಚೇರಿಯಲ್ಲಿ ಒಮ್ಮತದ ಅಭಿಪ್ರಾಯ ಮೂಡಿತು.

ಕ್ರೀಡಾಕೂಟಕ್ಕೆ ಎಂಟು ದಿನವಿದ್ದಾಗ ದೂರಪ್ಪನ ಮನಸ್ಸು ಮತ್ತೆ ಕುಸಿಯಿತು. ಟ್ಯಾಂಕಿನ ಹಿಂದೆ ತಾನೇ ಎಳೆದುಕೊಂಡ ಗೆರೆಯನ್ನು ಒಂದೇ ಬೆಳಗ್ಗೆ ಏಳು ಸಲ ದಾಟಿದ್ದ. ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಕಡೆಗೆ ಡಾಕ್ಟರಮ್ಮನಿಗೆ ಫೋನು ಮಾಡಿ, ಅಳುವ ದನಿಯಲ್ಲಿ ಒಪ್ಪಿಕೊಂಡ. "ಕ್ಷಮಿಸಿ ಡಾಕ್ಟ್ರೇ. ಮೂರು ದಿನದಿಂದ ಗುಂಡು ಮುಟ್ಟೇ ಇಲ್ಲ."

"ಭೇಷ್!" ಎಂದು ಕೂಗಿದರು ಡಾಕ್ಟರಮ್ಮ. "ಇದಕ್ಕಿಂತ ಒಳ್ಳೇ ಸುದ್ದಿ ಇದೆಯೇನ್ರೀ? ನಿಮ್ಮ ಬಗ್ಗೆ ಹೆಮ್ಮೆ ಆಗ್ತಿದೆ ನಂಗೆ!"

ದೂರಪ್ಪ ಫೋನನ್ನೇ ನೋಡುತ್ತಾ ಕೂತ. ನಿಧಾನವಾಗಿ ಅವನಿಗೆ ಹೊಳೆಯಿತು. ಮೈಗೆ, ಮನಸ್ಸಿಗೆ ವಿಶ್ರಾಂತಿ ಕೊಡುವುದೂ ಅಭ್ಯಾಸದ ಭಾಗವೇ! ಎಂಥಾ ಆಳವಾದ ವಿದ್ಯೆ! ಮರುದಿನ ಐದೂವರೆಗೆ ಬಯಲಿಗೆ ಓಡಿದ. ಮೂರು ಸಲ ಉಸಿರೆಳೆದು, "ಗೆರೆ ದಾಟಲ್ಲ" ಎಂದು ನಾಯಿಗೆ ಕೇಳುವಂತೆ ಹೇಳಿ ಎಸೆದ. ಗುಂಡು ಹೋಯಿತು, ಅವನು ಉಳಿದ.

ಕ್ರೀಡಾಕೂಟದ ದಿನ ಸೂಪರಿಂಟೆಂಡೆಂಟರು ಡಾಕ್ಟರಮ್ಮನನ್ನೇ ಮುಖ್ಯ ಅತಿಥಿಯಾಗಿ ಕರೆಸಿದ್ದರು. ದೂರಪ್ಪ ಸುಧಾರಿಸಿದ್ದನ್ನು ವೇದಿಕೆಯ ಮೇಲೆ, ಹೆಸರು ಹೇಳದೆ, ಅವನ ಕಡೆ ಕೈತೋರಿಸಿ ಹೇಳಬೇಕೆಂದು ಅವರ ಯೋಜನೆ. ಸಾಹೇಬರು ಎದ್ದು ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಟಪಾಲಕ್ಕ ಏದುಸಿರು ಬಿಡುತ್ತಾ ಓಡಿ ಬಂದಳು.

"ಸಾರ್! ಚೀಲ ತಂದಿದಾರೆ! ಮೈದಾನಕ್ಕೇ!"

ಸೂಪರಿಂಟೆಂಡೆಂಟರು ಮೆಟ್ಟಿಲು ಇಳಿದು ಓಡಿದರು. ಡಾಕ್ಟರಮ್ಮ ಹಿಂದಿನಿಂದ, ಕಚೇರಿ ಪೂರ್ತಿ ಅವರ ಹಿಂದಿನಿಂದ. ಸುಣ್ಣದ ವೃತ್ತದ ಪಕ್ಕದಲ್ಲಿ ದೂರಪ್ಪ ಹೆಂಡತಿಯ ಜೊತೆ ನಿಂತಿದ್ದ. ಆ ಬೆಳಿಗ್ಗೆ ಕದ್ದು ಹೊರಡುವಾಗ ಅವಳು, "ನಿಲ್ರೀ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದ್ದಳು.

"ಕೊಡ್ರೀ ಇಲ್ಲಿ ಚೀಲ!" ಎಂದು ಸೂಪರಿಂಟೆಂಡೆಂಟರು ಕಿತ್ತುಕೊಂಡರು. ಕಿತ್ತುಕೊಂಡ ರಭಸಕ್ಕೆ ಚೀಲ ಅವರನ್ನೇ ನೆಲದ ಕಡೆ ಎಳೆಯಿತು. "ಎಷ್ಟು ಬಾಟ್ಲಿ ಇದೆಯಯ್ಯಾ ಇದ್ರಲ್ಲಿ?" ಎನ್ನುತ್ತಾ ಚೀಲವನ್ನು ಬೋರಲು ಹಾಕಿದರು.

ಬಾಟ್ಲಿ ಉರುಳಲಿಲ್ಲ. ಕಬ್ಬಿಣದ ಗುಂಡು ಉರುಳಿ, ಟಪಾಲಕ್ಕನ ಕಾಲ ಬಳಿ ಹೋಗಿ ನಿಂತಿತು.

ಕಚೇರಿಯ ಎಪ್ಪತ್ತು ತಲೆಗಳಲ್ಲಿ ಒಂದು ತಿಂಗಳ ಸುದ್ದಿ ಒಂದೊಂದಾಗಿ ತಿರುಗುಮುರುಗಾಗುತ್ತಿತ್ತು.

"ಗುಂಡು ಅಂದ್ರೆ... ಇದಾ?" ಎಂದರು ಸೂಪರಿಂಟೆಂಡೆಂಟರು.

"ಮತ್ತೆ ಯಾವ್ದು ಸಾರ್?" ಎಂದು ಕೇಳಿದ ದೂರಪ್ಪನಿಗೆ, ಕೇಳುತ್ತಿರುವಾಗಲೇ ಯಾವುದೆಂದು ತಿಳಿಯಿತು. ಅವನ ಮುಖ ನೋಡಿ ಹೆಂಡತಿಗೂ ತಿಳಿಯಿತು. ಅವಳು ಟಪಾಲಕ್ಕನ ಕಡೆ ತಿರುಗಿದಳು. ಟಪಾಲಕ್ಕ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದಳು.

"ಮೂರು ವರ್ಷದಿಂದ ಇಲ್ಲೇ ಎಸೀತಿದೀನಲ್ಲ ಸಾರ್," ಎಂದ ದೂರಪ್ಪ ಸಣ್ಣ ದನಿಯಲ್ಲಿ. "ಯಾರೂ ನೋಡೇ ಇಲ್ವಾ?"

ಮೀಟರ್ ರೀಡರ್ ಮಾತ್ರ ಬಾವುಟ ನೋಡಿಕೊಂಡು, "ನಾನು ನೋಡಿದೀನಿ. ಒಂಬತ್ತು" ಎಂದ.

ಸ್ಪರ್ಧೆ ಶುರುವಾಯಿತು. ಕುಡುಕನೆಂದು ಎಪ್ಪತ್ತು ಜನ ನಂಬಿದ್ದರೆಂಬುದನ್ನು ಈಗಷ್ಟೇ ತಿಳಿದವನ ಕೈಕಾಲು ಹೇಗೆ ನಿಂತಾವು? ಮೊದಲನೆಯ ಎಸೆತಕ್ಕೆ ಕೆಂಪು ಬಾವುಟ. ಎರಡನೆಯದಕ್ಕೂ ಕೆಂಪು. ಮೀಟರ್ ರೀಡರ್ ಬೆರಳು ಮಡಿಚಿ "ಹನ್ನೊಂದು" ಎಂದ. ದೂರಪ್ಪ ಗುಂಡನ್ನು ನೆಲಕ್ಕಿಟ್ಟು, "ನನ್ ಕೈಲಾಗಲ್ಲ" ಎಂದು ಹೆಂಡತಿಯ ಹತ್ತಿರ ಬಂದ.

"ನಾನು ನೀವು ಗೆಲ್ಲೋದು ನೋಡೋಕೆ ಬಂದಿಲ್ಲ," ಎಂದಳು ಅವಳು. "ಅಳೆಯೋದು ನೋಡೋಕೆ ಬಂದಿದೀನಿ. ಅಳೆಸ್ಕೊಂಡೇ ಬನ್ನಿ."

ಡಾಕ್ಟರಮ್ಮ ಹಗ್ಗ ದಾಟಿ ವೃತ್ತದವರೆಗೂ ಬಂದರು. ನಗು ತಡೆದು ತಡೆದು ಅವರ ಕಣ್ಣು ಒದ್ದೆಯಾಗಿತ್ತು. "ನಾನು ಹೇಳಿದ್ದು ಯಾವ ಗುಂಡಿಗೋ ಏನೋ, ಅದಿರ್ಲಿ. ಮಾತು ಮಾತ್ರ ಒಂದೇ. ಹನ್ನೊಂದು ಆಗಿಹೋಯ್ತು. ಇದೊಂದು ನಿಮ್ಮ ಕೈಲಿದೆ. ಉಸಿರು ಎಳ್ಕೊಳಿ."

ದೂರಪ್ಪ ವೃತ್ತದೊಳಗೆ ನಿಂತ. ಮೂರು ಸಲ ಉಸಿರೆಳೆದ. "ಗೆರೆ ದಾಟಲ್ಲ" ಎಂದು ಎಪ್ಪತ್ತು ಜನಕ್ಕೂ ಕೇಳುವಂತೆ ಹೇಳಿ ನೂಕಿದ. ಗುಂಡು ಹೊರಟಿತು. ದೂರಪ್ಪನೂ ಹೊರಟ. ಒಂದು ಕಾಲು ಗಾಳಿಗೆ ಎದ್ದಿತು, ಎರಡು ಕೈ ಗರಗರ ತಿರುಗಿದವು, ಇನ್ನೊಂದು ಕಾಲಿನ ಹೆಬ್ಬೆರಳು ಗೆರೆಯ ಈಚೆ ನೆಲ ಕಚ್ಚಿ ನಡುಗಿತು. "ಹಿಡ್ಕೊಳ್ರೀ!" ಎಂದು ಟಪಾಲಕ್ಕ ಕಿರುಚಿದಳು. ಅವನು ಹಿಡಿದುಕೊಂಡ. ಮೆಲ್ಲಗೆ, ಒಂದೊಂದೇ ಅಂಗುಲ ಹಿಂದಕ್ಕೆ ಬಂದು, ಎರಡು ಕಾಲ ಮೇಲೂ ನಿಂತ.

ಮೀಟರ್ ರೀಡರ್ ನೆಲಕ್ಕೆ ಮಂಡಿಯೂರಿ ಗೆರೆಯನ್ನು ನೋಡಿದ, ಕನ್ನಡಕ ತೆಗೆದು ನೋಡಿದ, ಮತ್ತೆ ಹಾಕಿಕೊಂಡು ನೋಡಿದ. ಆಮೇಲೆ ಎದ್ದು, ಮೂರು ವರ್ಷದಲ್ಲಿ ಮೊದಲ ಸಲ ದೂರಪ್ಪನಿಗಾಗಿ ಬಿಳಿ ಬಾವುಟ ಎತ್ತಿದ. ಟೇಪು ಹಿಡಿಯಲು ಸೂಪರಿಂಟೆಂಡೆಂಟರೇ ಓಡಿದರು.

"ಗುಂಡು ಎಸೆತ," ಎಂದಿತು ಮೈಕು. "ದೂರು ವಿಭಾಗದ ದೂರಪ್ಪನವರು. ಆರು ಮೀಟರ್ ಹನ್ನೆರಡು ಸೆಂಟಿಮೀಟರ್. ಏಳನೆಯ ಸ್ಥಾನ."

ಸ್ಪರ್ಧೆಯಲ್ಲಿದ್ದವರೇ ಏಳು ಜನ. ಮೊದಲನೆಯ ಸ್ಥಾನದವನಿಗೆ ಬಿದ್ದದ್ದಕ್ಕಿಂತ ಜೋರು ಚಪ್ಪಾಳೆ ಬಿತ್ತು. ದೂರಪ್ಪ ಮೈಕಿನವನ ಹತ್ತಿರ ಹೋಗಿ, "ಸ್ವಲ್ಪ ಗರಗರ ಅಂತು, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಎಂದು ಕೇಳಿದ. ಅವನು ಹೇಳಿದ. ಹೆಂಡತಿ ಖಾಲಿ ಚೀಲ ಮಡಿಸುತ್ತಾ, ಎರಡು ಸಲವೂ ತುಟಿಯಲ್ಲೇ ಜೊತೆಗೆ ಹೇಳಿಕೊಂಡಳು. ಚೀಲದೊಳಗಿನ ಹೊಲಿಗೆಯನ್ನು ದೂರಪ್ಪ ಆಗಷ್ಟೇ ನೋಡಿದ, ಚೀಲವನ್ನು ಅವಳ ಕೈಯಿಂದ ತಾನೇ ತೆಗೆದುಕೊಂಡ.

ಡಾಕ್ಟರಮ್ಮ ಮಾರನೆಯ ದಿನ ಕೇಂದ್ರಕ್ಕೆ ಹೋಗಿ ಅವನ ಫೈಲು ತೆಗೆದರು. ಆರಂಭಿಸಿದ ಫೈಲನ್ನು ಫಲಿತಾಂಶ ಬರೆಯದೆ ಮುಚ್ಚುವ ಅಭ್ಯಾಸ ಅವರಿಗಿರಲಿಲ್ಲ. ಗುರಿ: ಗುಂಡನ್ನು ದೂರ ಮಾಡುವುದು. ಅದರ ಮುಂದಿನ ಖಾಲಿ ಜಾಗದಲ್ಲಿ ನೀಟಾಗಿ ಬರೆದು ಸಹಿ ಹಾಕಿದರು: "ಮಾಡಿದ್ದಾರೆ. ಆರು ಮೀಟರ್ ಹನ್ನೆರಡು ಸೆಂಟಿಮೀಟರ್."